ಯೂನಿಕೋಡ್ ಆದ ಮೇಲೂ ಫ್ಲಾಪಿ ಏಕೆ?

ವಿಂಡೋಸ್ 95, 98ರ ಕಾಲದ ಕಂಪ್ಯೂಟರ್ ಇನ್ನೂ ಮನೆಯಲ್ಲಿಟ್ಟುಕೊಂಡವರಿಗೆ ನಮ್ಮ ಹಿಪ್ಪರಗಿ, ಜಮಖಂಡಿ ಕಡೆ ಸಿಗುವ ಸಲಹೆ ಒಂದೇ: "ಫೈಲೆಲ್ಲಾ ಯೂನಿಕೋಡ್ ಮಾಡಿ ಪೆನ್‌ಡ್ರೈವಿಗೆ ಹಾಕ್ಕೊಳ್ರಿ, ಡಬ್ಬಾ ಗುಜರಿಗೆ ಕೊಡ್ರಿ." ಪಡಸಾಲೆಯಲ್ಲೇ ಡಿಟಿಪಿ ನಡೆಸಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ನೇಕಾರ ಸಂಘದ ವರದಿ ಮಾಡಿಕೊಟ್ಟವರಿಗೂ ಇದೇ ಮಾತು. ಸಲಹೆ ಸರಿಯಾದದ್ದೇ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದ್ದನ್ನು ಕಂಡವರಿಗೆ ಹಳೆಯದನ್ನೆಲ್ಲ ಮನೆಯಲ್ಲೇ ಇಡಿ ಎನ್ನುವ ಧೈರ್ಯ ನನಗಿಲ್ಲ. ನನ್ನ ತಕರಾರು ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ. ಡಬ್ಬಾ ಹೋಗುವ ಮುಂಚೆ, ಅದರಲ್ಲಿದ್ದುದನ್ನೆಲ್ಲ ಮೊದಲಿನಿಂದ ಮತ್ತೆ ಕೂರಿಸಬಲ್ಲ ಇನ್‌ಸ್ಟಾಲೇಶನ್ ಡಿಸ್ಕುಗಳ ಪೂರ್ತಿ ಸೆಟ್ ಒಂದನ್ನು ಕಟ್ಟಿಕೊಳ್ಳಬೇಕು.

ಕಾರಣ ನಮ್ಮ ಅಕ್ಷರಗಳಲ್ಲೇ ಇದೆ. 1991ರ ಮೊದಲ ಯೂನಿಕೋಡಿನಲ್ಲಿಯೇ ಕನ್ನಡವಿತ್ತು. ವಿಂಡೋಸಿನಲ್ಲಿ ಅದು ಬಳಕೆಗೆ ಬಂದದ್ದು 2001ರ ಎಕ್ಸ್‌ಪಿ ಹೊತ್ತಿಗೆ. ಅಲ್ಲಿಯವರೆಗೆ ಶ್ರೀಲಿಪಿ, ಆಕೃತಿ, ನುಡಿಯಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು, ಒಬ್ಬೊಬ್ಬರು ಒಂದೊಂದು ರೀತಿ. ನುಡಿಯ ಹಳೆಯ ಫಾಂಟಿನಲ್ಲಿ 'ಮ' ಒಂದೇ ಸಂಕೇತವಲ್ಲ: 'ವ'ದ ಒಡಲು, ತಲೆಕಟ್ಟು, ಬಲಕ್ಕೊಂದು ಬಾಲ, ಹೀಗೆ ಮೂರು. ಬಾಲವೊಂದನ್ನು ತಪ್ಪಾಗಿ ಓದಿದರೆ 'ಮ' ಹೋಗಿ 'ವು' ಬರುತ್ತದೆ. 'ಧರ್ಮ'ದ ಅರ್ಕಾವತ್ತು ಫೈಲಿನಲ್ಲಿ 'ಮ' ಆದ ಮೇಲೆ ಕೂತಿರುತ್ತದೆ. ಯೂನಿಕೋಡಿನಲ್ಲಿ ಅದು 'ಮ'ಕ್ಕಿಂತ ಮೊದಲು ಬರಬೇಕು. ಹಳೆಯ ಫೈಲನ್ನು ಯೂನಿಕೋಡಿಗೆ ತರುವ ಪರಿವರ್ತಕ ತಂತ್ರಾಂಶ ಈ ಎತ್ತಿಡುವ ಕೆಲಸವನ್ನು ಬಹುಮಟ್ಟಿಗೆ ಚೆನ್ನಾಗಿಯೇ ಮಾಡುತ್ತದೆ. 'ರಾಮ' 'ರಾವು' ಆದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಸದಸ್ಯರ ಪಟ್ಟಿಯಲ್ಲಿನ ಅಪರೂಪದ ಅಡ್ಡಹೆಸರೊಂದು ಹಾಗಾದರೆ? ತಾಳೆ ನೋಡಲು ಹಳೆಯ ಪುಟ ಹಳೆಯ ರೂಪದಲ್ಲೇ ತೆರೆಯಬೇಕು.

ಫಾಂಟ್ ಒಂದಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಓದುವುದಕ್ಕಷ್ಟೇ ಆದರೆ ಸಾಕು. ಡಿಟಿಪಿಯ ಪೇಜ್‌ಮೇಕರ್ ತಂತ್ರಾಂಶ ಪುಟವನ್ನು ಕಟ್ಟುವುದು ಮಾತ್ರ ಗೊತ್ತುಮಾಡಿದ ಪ್ರಿಂಟರನ್ನು ನೋಡಿಕೊಂಡು. ಪ್ರಿಂಟರ್ ಬದಲಾದರೆ ಸಾಲು ಒಡೆಯುವ ಜಾಗವೂ ಬದಲಾಗಬಹುದು. ಹಾಗಾಗಿ ವಿಂಡೋಸ್, ಡಿಸ್‌ಪ್ಲೇ ಡ್ರೈವರ್, ಪ್ರಿಂಟರ್ ಡ್ರೈವರ್, ಪೇಜ್‌ಮೇಕರ್, ಕನ್ನಡ ತಂತ್ರಾಂಶ ಎಲ್ಲವೂ ಸೆಟ್ಟಿನಲ್ಲಿರಬೇಕು, ಯಾವುದರ ನಂತರ ಯಾವುದು ಎಂದು ಬರೆದಿಟ್ಟಿರಬೇಕು.

ಕಟ್ಟುವ ಕೆಲಸ ಫೈಲು ನಕಲು ಮಾಡಿದಷ್ಟು ಸಲೀಸಲ್ಲ. ಬೂಟ್ ಫ್ಲಾಪಿಯ ಫೈಲುಗಳನ್ನೆಲ್ಲ ಇನ್ನೊಂದು ಫ್ಲಾಪಿಗೆ ಎಳೆದು ಹಾಕಿದರೆ ಅದು ಬೂಟ್ ಆಗುವುದಿಲ್ಲ, ಏಕೆಂದರೆ ಬೂಟ್ ಸೆಕ್ಟರ್ ಫೈಲುಗಳ ಪಟ್ಟಿಯಲ್ಲಿ ಇರುವುದೇ ಇಲ್ಲ. ವಿಂಡೋಸ್ 95ರ ಫ್ಲಾಪಿ ಆವೃತ್ತಿ 13 ಡಿಸ್ಕಿನದು. ಮೊದಲನೆಯದು ಮಾಮೂಲಿ 1.44 ಎಂಬಿಯದು, ಉಳಿದವುಗಳಲ್ಲಿ ಟ್ರ್ಯಾಕಿಗೆ 18ರ ಬದಲು 21 ಸೆಕ್ಟರ್ ತುಂಬಿ 1.68 ಎಂಬಿ ಮಾಡಿದ್ದಾರೆ. ಡಾಸ್‌ನ ಡಿಸ್ಕ್‌ಕಾಪಿ ಇವುಗಳ ಮುಂದೆ ಕೈಚೆಲ್ಲುತ್ತದೆ. ಸೆಕ್ಟರ್ ಸೆಕ್ಟರಾಗಿ ಓದಿ ಇಡೀ ಡಿಸ್ಕನ್ನು ಒಂದು ಇಮೇಜ್ ಫೈಲಾಗಿ ತೆಗೆಯುವ ತಂತ್ರಾಂಶವೇ ಬೇಕು. ಯುಎಸ್‌ಬಿ ಫ್ಲಾಪಿ ಡ್ರೈವ್ ಕೊಂಡವರು ಇಲ್ಲಿ ಸೋಲುವ ಸಂಭವ ಹೆಚ್ಚು. ಹಳೆಯ ಯಂತ್ರದೊಳಗಿನ ಡ್ರೈವೇ ವಾಸಿ. ಗುಜರಿಗೆ ಅವಸರ ಬೇಡ ಎನ್ನಲು ಇದೂ ಒಂದು ಕಾರಣ.

ಹದಿಮೂರರಲ್ಲಿ ಒಂದೆರಡಾದರೂ ಬೂಷ್ಟು ಹಿಡಿದಿರುತ್ತವೆ. ಇಲ್ಲಿ ಹಳೆಯ ತಂತ್ರಾಂಶಗಳ ಸಂಗ್ರಾಹಕರ ಜೊತೆಗೂ ನನಗೆ ಭಿನ್ನಾಭಿಪ್ರಾಯ. ಅವರಿಗೆ ಸೀಲು ಒಡೆಯದ ಮೂಲ ಪೆಟ್ಟಿಗೆ ಬೇಕು. ಏಳನೆಯ ಡಿಸ್ಕು ಬೇರೆ ಸೆಟ್ಟಿನಿಂದ ಬಂದರೆ ಮನಸ್ಸು ಒಪ್ಪದು. ಜಕಾರ್ಡ್ ಮಗ್ಗದ ತೂತಿನ ಪಟ್ಟಿಯೊಂದು ಹರಿದರೆ ಬನಹಟ್ಟಿಯ ನೇಕಾರ ಅದೇ ತೂತು ಹೊಡೆದ ಇನ್ನೊಂದನ್ನು ಸರಕ್ಕೆ ಹೊಲಿಯುತ್ತಾನೆ. ಅಷ್ಟಕ್ಕೇ ಆ ಸೆರಗನ್ನು ಯಾರೂ ನಕಲಿ ಎನ್ನುವುದಿಲ್ಲ. ಅದೇ ಭಾಷೆ, ಅದೇ ಆವೃತ್ತಿಯ ಡಿಸ್ಕಾಗಿರಬೇಕು, ಎಲ್ಲಿಂದ ಬಂತೆಂದು ಚೀಟಿ ಅಂಟಿಸಿರಬೇಕು, ಅಷ್ಟೇ. ಸೀಲಿನ ಪೆಟ್ಟಿಗೆಯೊಳಗಿನ ಡಿಸ್ಕು ಓದುತ್ತದೋ ಇಲ್ಲವೋ ಎಂಬುದು ಒಡೆಯುವವರೆಗೆ ಯಾರಿಗೂ ಗೊತ್ತಿಲ್ಲ; ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿದ ಹರಕು ಸೆಟ್ಟೇ ನನಗೆ ಹೆಚ್ಚು. ಆ ಪರೀಕ್ಷೆಯನ್ನು ಖಾಲಿ ಹಾರ್ಡ್‌ಡಿಸ್ಕಿನ ಮೇಲೆ ಮಾಡಿ, ಇಲ್ಲವೇ 86ಬಾಕ್ಸ್‌ನಂಥ ಉಚಿತ ಎಮ್ಯುಲೇಟರಿನಲ್ಲಿ. ಫೈಲುಗಳಿರುವ ಹಾರ್ಡ್‌ಡಿಸ್ಕನ್ನು ಮಾತ್ರ ಮುಟ್ಟಬೇಡಿ.

ಇದೆಲ್ಲ ಪೈರಸಿಯಲ್ಲವೇ ಎಂಬ ಅಳುಕು ನ್ಯಾಯವಾದದ್ದು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು, ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವರು ಅದು ನಷ್ಟವಾಗದಂತೆ ರಕ್ಷಣೆಗೆ ನಕಲು ಮಾಡಿಕೊಳ್ಳಲು ಬಿಡುತ್ತದೆ. ಮಾರಲು, ಹಂಚಲು ಬಿಡುವುದಿಲ್ಲ. ಮನೆಯ ಸೆಟ್ ಮನೆಯಲ್ಲೇ ಇರಲಿ.

ಒಂದು ಕಡೆ ಮಾತ್ರ ನನ್ನ ವಾದ ಕುಂಟುತ್ತದೆ. ಆಗಿನ ಕೆಲವು ಕನ್ನಡ ತಂತ್ರಾಂಶಗಳು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಬೆರಳುದ್ದದ ಲಾಕ್ ಇಲ್ಲದೆ ತೆರೆಯುವುದೇ ಇಲ್ಲ. ಡಿಸ್ಕು ಎಷ್ಟೇ ಜೋಡಿಸಿದರೂ ಅದಕ್ಕೆ ಬದಲಿಯಾಗದು. ಕಂಪ್ಯೂಟರಿನ ಹಿಂಬದಿಯಲ್ಲಿ ಅಂಥದೇನಾದರೂ ಇದೆಯೇ ಎಂದು, ಗುಜರಿಯವನಿಗೆ ಫೋನ್ ಮಾಡುವ ಮೊದಲು ಒಮ್ಮೆ ಕೈಯಾಡಿಸಿ ನೋಡಿ.