ತೂಕದ ಮುಳ್ಳು ತೋರಿಸದ ಲೆಕ್ಕ

ತೂಕ ಇಳಿಸುವ ಟಿವಿ ಸ್ಪರ್ಧೆಗಳು ಜನರಿಗೆ ಪ್ರೇರಣೆ, ಮತ್ತೆ ದಪ್ಪಗಾದವರದು ಬರೀ ಸೋಮಾರಿತನ ಎಂಬ ವಾದವನ್ನು ನಾನು ಒಪ್ಪಲಾರೆ. ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ನ 14 ಸ್ಪರ್ಧಿಗಳನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ವರದಿ ಪ್ರಕಟಿಸಿದರು. ಸ್ಪರ್ಧೆಯ 30 ವಾರಗಳಲ್ಲಿ ಅವರ ತೂಕ ಸರಾಸರಿ 58 ಕಿಲೊ ಇಳಿದಿತ್ತು, ಅದರಲ್ಲಿ 41 ಕಿಲೊ ಮರಳಿ ಬಂದಿತ್ತು. ಸುಮ್ಮನೆ ಕೂತಾಗ ಅವರ ದೇಹ ಖರ್ಚು ಮಾಡುತ್ತಿದ್ದ ಶಕ್ತಿ, ಅಷ್ಟೇ ಗಾತ್ರದ ದೇಹಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ! ಹಸಿವು ತಣಿಸುವ ಲೆಪ್ಟಿನ್ ಹಾರ್ಮೋನು ಸ್ಪರ್ಧೆ ಮುಗಿಯುವಾಗಲೇ ನೆಲಕಚ್ಚಿತ್ತು. ದೇಹವೇ ತಿರುಗಿಬಿದ್ದಿರುವಾಗ ಮನುಷ್ಯನನ್ನು ಸೋಮಾರಿ ಎನ್ನುವುದು ಅನ್ಯಾಯ.

ಹಾಗಾದರೆ ಬೊಜ್ಜು ಇದ್ದರೂ ಪರವಾಗಿಲ್ಲವೇ ಎಂದು ಕೇಳಬಹುದು. ಖಂಡಿತ ಅಲ್ಲ. ಇದೇ ಸ್ಪರ್ಧಿಗಳಲ್ಲಿ ತೂಕ ಕಾಯ್ದುಕೊಂಡವರು ವರ್ಷಗಟ್ಟಲೆ ದಿನನಿತ್ಯದ ಓಡಾಟ ಹೆಚ್ಚಿಸಿಕೊಂಡವರು ಎಂದು ಮುಂದಿನ ಅಧ್ಯಯನ ತೋರಿಸಿತು. ಆ ನಿಧಾನದ ದಾರಿ ಕ್ಯಾಮೆರಾಕ್ಕೆ ಬೇಡ, ಆದರೆ ಅಂಥ ಓಡಾಟ ನಮ್ಮ ಸುತ್ತಲೇ ಇದೆ. ಸಕಲೇಶಪುರದ ತೋಟದಲ್ಲಿ ಸೊಂಟಕ್ಕೆ ಚೀಲ ಕಟ್ಟಿ ಕಾಫಿ ಹಣ್ಣು ಕುಯ್ಯುವ ಹೆಂಗಸು ದಿನವಿಡೀ ಇಳಿಜಾರು ಹತ್ತಿಳಿಯುತ್ತಾಳೆ. ಆಕೆ ಟಿವಿ ನೋಡಿ ಬೆಳಗಿನ ಅಕ್ಕಿರೊಟ್ಟಿ ಬಿಟ್ಟರೆ ತಲೆಸುತ್ತಿ ಬೀಳುತ್ತಾಳೆ ಅಷ್ಟೇ. ದಯವಿಟ್ಟು ಪರದೆ ನೋಡಿ ಊಟ ಬಿಡಬೇಡಿ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮೊದಲು ನಮ್ಮ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯ ವೈದ್ಯರನ್ನು ಕೇಳಿ.