ಹೆಸರಿಲ್ಲದ ಹುಡುಗಿಯ ಒಂದು ಮಾತು

ಒಡ್ಡನ್‌ಛತ್ರಂ ಎಂದೊಡನೆ ನಮ್ಮ ವಾಚಕರಲ್ಲಿ ಹಲವರ ನೆನಪಿಗೆ ಬರುವುವು ಎರಡು: ಕೇರಳಕ್ಕೆ ಲಾರಿಗಟ್ಟಲೆ ತರಕಾರಿ ಕಳುಹಿಸುವ ಅಲ್ಲಿಯ ಮಾರುಕಟ್ಟೆ, ಮತ್ತು 1955ರಲ್ಲಿ ಆರಂಭವಾದ ಕ್ರಿಶ್ಚಿಯನ್ ಫೆಲೋಶಿಪ್ ಆಸ್ಪತ್ರೆ. ಆ ಆಸ್ಪತ್ರೆಯನ್ನು ಕಟ್ಟಿ ಬೆಳೆಸಿದ ಡಾಕ್ಟರ್ ಎ. ಕೆ. ತರಿಯನ್ ಅವರ ಹೆಸರನ್ನು ಸ್ಮರಿಸುವುದು ಯುಕ್ತವೇ ಸರಿ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ರೋಗಿಯ ಹಾಸಿಗೆಯ ಬಳಿ ಕುಳಿತು, ಅಲ್ಲಿಗೆ ಕರೆದೊಯ್ದರೆ ಗುಣವಾದೀತು ಎಂದು ಮೊದಲು ಹೇಳಿದವರು ಯಾರು? ನೆರೆಮನೆಯ ಅಜ್ಜಿಯೋ, ಕಳೆ ಕೀಳಲು ಬಂದ ಹೆಣ್ಣಾಳೋ ಇದ್ದಿರಬೇಕು. ವೈದ್ಯರ ಹೆಸರು ಉಳಿಯಿತು. ದಾರಿ ತೋರಿದ ಮಾತಿನ ಒಡತಿ ಮರೆತುಹೋದಳು.

ಕ್ರೈಸ್ತರ ವೇದಗ್ರಂಥದಲ್ಲಿಯೂ ಇಂಥವಳೊಬ್ಬಳು ಇದ್ದಾಳೆ. ಎರಡನೆಯ ಅರಸುಗಳ ಪುಸ್ತಕದ ಐದನೆಯ ಅಧ್ಯಾಯದಲ್ಲಿ 27 ವಚನಗಳಿವೆ. ಅವುಗಳಲ್ಲಿ ಆಕೆಗೆ ದೊರೆತಿರುವುದು ಎರಡು ಮಾತ್ರ. ಗಡಿಯಾಚೆಯ ಅರಾಮ್ಯರ ದಂಡು ಇಸ್ರಾಯೇಲಿನ ಊರುಗಳನ್ನು ಸುಲಿಗೆ ಮಾಡಿದಾಗ ಸೆರೆಸಿಕ್ಕ ಚಿಕ್ಕ ಹುಡುಗಿ ಅವಳು. ತಂದೆತಾಯಿ ಏನಾದರೋ ಗ್ರಂಥ ಹೇಳುವುದಿಲ್ಲ. ಅರಾಮಿನ ಸೇನಾಪತಿ ನಾಮಾನನ ಮನೆಯಲ್ಲಿ ಅವನ ಹೆಂಡತಿಯ ದಾಸಿಯಾಗಿದ್ದಳು. ನಾಮಾನನು ಪರಾಕ್ರಮಶಾಲಿ, ರಾಜನಿಗೆ ಬೇಕಾದವನು. ಆದರೆ ಅವನ ಮೈಗೆ ಚರ್ಮರೋಗ ಹತ್ತಿತ್ತು. ಅನುವಾದಗಳು ಇದನ್ನು ಕುಷ್ಠವೆಂದೇ ಹೇಳುತ್ತವೆ. ಮೂಲ ಹೀಬ್ರೂ ಪದವಾದರೋ ಬಗೆಬಗೆಯ ಚರ್ಮವ್ಯಾಧಿಗಳಿಗೆ ಸಲ್ಲುವಂಥದು ಎಂದು ವಿದ್ವಾಂಸರ ಅಭಿಪ್ರಾಯ.

ತನ್ನನ್ನು ಸೆರೆಯೊಯ್ದ ದಂಡಿನ ದಣಿಗೆ ಒದಗಿದ ರೋಗವನ್ನು ಕಂಡು ಆ ಹುಡುಗಿ ಒಳಗೊಳಗೇ ನಕ್ಕಿದ್ದರೆ ಅವಳನ್ನು ದೂಷಿಸುವವರು ಯಾರು? ಆಡಿದ ಪಾಪವನ್ನು ಉಣ್ಣಲಿ ಎಂದು ಸುಮ್ಮನಿದ್ದರೂ ಆಗುತ್ತಿತ್ತು. ಅವಳು ಸುಮ್ಮನಿರಲಿಲ್ಲ. ಸಮಾರ್ಯದಲ್ಲಿರುವ ಪ್ರವಾದಿಯ ಬಳಿಗೆ ಒಡೆಯನು ಹೋದರೆ ವಾಸಿಯಾದಾನು ಎಂದು ಒಡತಿಯ ಕಿವಿಯಲ್ಲಿ ಹೇಳಿದಳು. ಅಷ್ಟೇ.

ಈ ಹುಡುಗಿಯನ್ನು ವಿಧೇಯ ದಾಸಿಯೆಂದು ಹೊಗಳಿ, ಆಳುಗಳು ಹೀಗೆ ತೆಪ್ಪಗೆ ಒಡೆಯನ ಹಿತ ಬಯಸಬೇಕು ಎಂದು ಉಪದೇಶಿಸುವವರಿದ್ದಾರೆ. ನಮಗೆ ಈ ವ್ಯಾಖ್ಯಾನ ಒಪ್ಪಿಗೆಯಿಲ್ಲ. ಬಂಧನವನ್ನು ಆಕೆ ಒಪ್ಪಿಕೊಂಡಳೆಂದು ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಪರರ ಮನೆಯಲ್ಲಿದ್ದೂ ತನ್ನ ಊರನ್ನು, ಊರಿನ ದೇವರನ್ನು ಮರೆಯದಿದ್ದುದೇ ಅವಳ ಬಲ. ಇಲ್ಲವಾದರೆ ಸಮಾರ್ಯದ ಪ್ರವಾದಿ ಅವಳ ನಾಲಗೆಗೆ ಬರುವುದೆಂತು? ಹೀಬ್ರೂ, ಅರಮಾಯಿಕ್ ಎರಡೂ ಒಂದೇ ಕುಲದ ಭಾಷೆಗಳು, ನಮ್ಮ ಕನ್ನಡ ತಮಿಳುಗಳ ಹಾಗೆ. ದಿಂಡಿಗಲ್ಲಿನಿಂದ ಕಂಬಂ ಕಣಿವೆಯವರೆಗೆ ಮನೆಯೊಳಗೆ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿಯಾಡುತ್ತ ಬಂದ ಕಪ್ಪಿಲಿಯರ, ಅನುಪ್ಪರ ಹೆಣ್ಣುಮಕ್ಕಳಿಗೆ ಆ ಹುಡುಗಿಯ ಸ್ಥಿತಿಯನ್ನು ವಿವರಿಸಬೇಕಾದ ಅಗತ್ಯವಿಲ್ಲ. ಅವಳದು ಬಲಾತ್ಕಾರದ ಪರವಾಸ ಎಂಬ ಭೇದವನ್ನು ಮಾತ್ರ ನೆನಪಿನಲ್ಲಿಡತಕ್ಕದ್ದು.

ಮುಂದಿನದು ದೊಡ್ಡವರ ಕಥೆ. ಅದರಲ್ಲಿ ಸ್ವಲ್ಪ ನಗೆಯೂ ಇದೆ. ಹುಡುಗಿ ಹೇಳಿದ್ದು ಪ್ರವಾದಿಯನ್ನು; ಅರಾಮಿನ ಅರಸನು ಪತ್ರ ಬರೆದದ್ದು ಇಸ್ರಾಯೇಲಿನ ಅರಸನಿಗೆ! ಜೊತೆಗೆ 10 ತಲಾಂತು ಬೆಳ್ಳಿ, 6,000 ಶೆಕೆಲ್ ಚಿನ್ನ, 10 ಜೊತೆ ಉಡುಪು. ಪತ್ರ ಓದಿದ ಅರಸನು, ಇದು ಯುದ್ಧಕ್ಕೆ ಹೂಡಿದ ನೆಪವೆಂದು ಹೆದರಿ ತನ್ನ ಬಟ್ಟೆ ಹರಿದುಕೊಂಡನು. ಸೆರೆಯಲ್ಲಿದ್ದ ಹುಡುಗಿಗೆ ನೆನಪಿದ್ದ ಪ್ರವಾದಿ ಎಲೀಷನು, ಅದೇ ನಾಡಿನ ಸಿಂಹಾಸನದ ಮೇಲಿದ್ದವನಿಗೆ ನೆನಪಾಗಲಿಲ್ಲ. ಕಡೆಗೆ ಎಲೀಷನೇ ಹೇಳಿಕಳುಹಿಸಬೇಕಾಯಿತು. ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಮುಳುಗೆಂದಾಗ ನಾಮಾನನು, ದಮಸ್ಕದ ನದಿಗಳು ಇದಕ್ಕಿಂತ ಮೇಲಲ್ಲವೇ ಎಂದು ಸಿಟ್ಟಾಗಿ ಹೊರಟೇಬಿಟ್ಟನು. ತಡೆದು ಬುದ್ಧಿ ಹೇಳಿದವರು ಮತ್ತೆ ಸೇವಕರೇ. ಅವರಿಗೂ ಹೆಸರಿಲ್ಲ.

ಮುಳುಗಿ ಎದ್ದಾಗ ಅವನ ಚರ್ಮ ಚಿಕ್ಕ ಹುಡುಗನ ಚರ್ಮದಂತಾಯಿತು ಎಂದು ಗ್ರಂಥ ಹೇಳುತ್ತದೆ. ಹೀಬ್ರೂ ಮೂಲದಲ್ಲಿ 'ಚಿಕ್ಕ ಹುಡುಗ' ಎಂಬಲ್ಲಿರುವ ಮಾತು, ಮೊದಲು 'ಚಿಕ್ಕ ಹುಡುಗಿ' ಎಂಬಲ್ಲಿದ್ದುದರ ಪುಲ್ಲಿಂಗ ರೂಪವೇ. ಕತೆಗಾರನು ಅವಳ ಹೆಸರನ್ನು ಹೇಳದಿದ್ದರೂ ಸೇನಾಪತಿಯನ್ನು ಕೊನೆಗೆ ಅವಳ ಅಳತೆಗೇ ತಂದು ನಿಲ್ಲಿಸಿದ್ದಾನೆ ಎಂದು ನಾವು ಓದಿಕೊಳ್ಳುತ್ತೇವೆ.

ಆ ಮಾತು ಆಡಿದ್ದು ಒಳಮನೆಯಲ್ಲಿ, ಹೆಣ್ಣಿನಿಂದ ಹೆಣ್ಣಿಗೆ ಎಂಬುದನ್ನೂ ಗಮನಿಸಬೇಕು. ನಮ್ಮ ಈ ಸೀಮೆಯಲ್ಲಿ ಅಮೆರಿಕನ್ ಮಧುರೆ ಮಿಷನ್ 1834ರಲ್ಲಿ ಕೆಲಸ ತೊಡಗಿ, ಮರುವರ್ಷವೇ ದಿಂಡಿಗಲ್ಲಿಗೆ ಬಂದಿತು. ಗಂಡು ಬೋಧಕರು ಕಾಲಿಡಲಾಗದ ಒಳಮನೆಗಳಿಗೆ ಹೋದವರು 'ಬೈಬಲ್ ವುಮನ್' ಎಂದು ಕರೆಯಿಸಿಕೊಂಡ ಸ್ಥಳೀಯ ಸ್ತ್ರೀಯರು; ಅವರಲ್ಲಿ ವಿಧವೆಯರು ಹಲವರು. ಶಾಸ್ತ್ರದ ಕಥೆಗಳೊಡನೆ ಅಕ್ಷರವನ್ನೂ ಕಲಿಸಿದರು. ಮತಾಂತರದ ವಿಷಯದಲ್ಲಿ ವಾಚಕರಿಗೆ ಭಿನ್ನಾಭಿಪ್ರಾಯವಿರಬಹುದು. ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಮತ್ತೊಬ್ಬ ಹೆಣ್ಣಿಗೆ ಓದು ಕಲಿಸಿದ ಶ್ರಮವನ್ನು ಅದಕ್ಕಾಗಿ ಅಲ್ಲಗಳೆಯಬೇಕಿಲ್ಲ. ಅವರ ತರಬೇತಿಗೆಂದು ಮಧುರೆಯಲ್ಲಿ 1892ರಲ್ಲಿ ಶಾಲೆ ತೆರೆದ ಈವಾ ಸ್ವಿಫ್ಟ್ ಅವರ ಹೆಸರು ಇತಿಹಾಸದಲ್ಲಿದೆ. ಬಿಸಿಲಲ್ಲಿ ಊರೂರು ನಡೆದವರ ಹೆಸರು ಕೇಳಿದರೆ ಹೇಳುವವರು ಎಷ್ಟು ಮಂದಿ? ಮನೆಯ ಹಿರಿಯಮ್ಮಂದಿರಿಗೆ ಯಾರದಾದರೂ ಹೆಸರು ನೆನಪಿದ್ದರೆ ಅದನ್ನು ಈಗಲೇ ಬರೆದಿಡುವುದು ಲೇಸು.

ನಾಮಾನನು ಗುಣಹೊಂದಿ ಮನೆಗೆ ಮರಳಿದಾಗ ಆ ಹುಡುಗಿಗೆ ಬಿಡುಗಡೆ ದೊರೆಯಿತೇ, ತಾಯ ಮುಖ ಕಂಡಳೇ ಎಂದು ಮಕ್ಕಳು ಕೇಳುತ್ತಾರೆ. ಗ್ರಂಥ ಅಲ್ಲಿ ಮೌನ. ಅಧ್ಯಾಯದ ಉಳಿದ ಭಾಗವೆಲ್ಲ, ನಾಮಾನನ ಹಿಂದೆ ಓಡಿ ಸುಳ್ಳು ಹೇಳಿ ಬೆಳ್ಳಿ ಬಟ್ಟೆ ಗಿಟ್ಟಿಸಿಕೊಂಡ ಗೇಹಜಿಗೆ ಮೀಸಲು. ಎಲೀಷನ ಆ ಆಳಿಗೆ ಹೆಸರಿದೆ.

ಸತ್ತ ಮಕ್ಕಳ ಶವಗಳನ್ನು ಹಕ್ಕಿ ಮೃಗಗಳು ಮುಟ್ಟದಂತೆ ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಮಳೆ ಬೀಳುವವರೆಗೂ ಕಾದ ರಿಚ್ಪಳ ವಿಷಯವನ್ನು ಬರುವ ತಿಂಗಳು ಬರೆಯುವೆವು.