ಡಾಂಟೆಯ ಹೆಸರಿನ ರಾಯಭಾರ

ಒಂದು ದೇಶವು ಇನ್ನೊಂದರ ಸ್ನೇಹವನ್ನು ಬಯಸಿದಾಗ ರಾಯಭಾರಿಯನ್ನು ಕಳುಹಿಸುತ್ತದೆ. ವ್ಯಾಪಾರಿಯೂ ಅವನ ಬೆನ್ನಿಗೇ ಹೊರಡುತ್ತಾನೆ. ಇಟಲಿಯಾದರೋ ಇವರಿಬ್ಬರ ಜೊತೆಗೆ ತನ್ನ ಕವಿಯನ್ನೂ ಗಾಯಕನನ್ನೂ ಅಡಿಗೆಯವನನ್ನೂ ಕಳುಹಿಸುತ್ತ ಬಂದಿದೆ.

ಈ ಕೆಲಸ ಸರ್ಕಾರದಿಂದ ಮೊದಲಾದುದಲ್ಲ. ೧೮೮೯ರಲ್ಲಿ ಕವಿ ಕಾರ್ದುಚ್ಚಿ ಮುಂತಾದವರು ಸೇರಿ, ಮಹಾಕವಿ ಡಾಂಟೆಯ ಹೆಸರಿನಲ್ಲಿ ಒಂದು ಸಂಘವನ್ನು ಕಟ್ಟಿದರು. ಬಡತನವನ್ನು ತಾಳಲಾರದೆ ಲಕ್ಷಾಂತರ ಇಟಾಲಿಯನರು ಹಡಗು ಹತ್ತಿ ಅರ್ಜೆಂಟೀನ, ಬ್ರೆಜಿಲ್, ಅಮೆರಿಕಗಳಿಗೆ ಹೋಗುತ್ತಿದ್ದ ಕಾಲವದು. ಹೊರಗೆ ಹೋದವರ ನುಡಿಯ ನಂಟು ಕಡಿಯದಿರಲಿ, ಪರರೂ ಆ ನುಡಿಯನ್ನು ಕಲಿಯಲಿ ಎಂಬುದು ಅವರ ಉದ್ದೇಶ. ಹೊರನಾಡಿನಲ್ಲಿ ಸಂಘ ಕಟ್ಟಿಕೊಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕೆಲಸಕ್ಕೆ ಅಧಿಕಾರದ ಕೈ ಸೋಕಿದರೆ ಏನಾಗಬಹುದು? ಅದಕ್ಕೆ ನಮ್ಮ ದೇಶದ ನಿದರ್ಶನವೇ ಇದೆ. ೧೯೨೫ರಲ್ಲಿ ಮುಸ್ಸೊಲಿನಿಯ ಸರ್ಕಾರವು ಶಾಂತಿನಿಕೇತನಕ್ಕೆ ಇಟಾಲಿಯನ್ ಗ್ರಂಥಗಳ ಕಾಣಿಕೆಯನ್ನೂ, ಫಾರ್ಮಿಕಿ, ತುಚ್ಚಿ ಎಂಬ ಇಬ್ಬರು ಪ್ರಾಚ್ಯವಿದ್ವಾಂಸರನ್ನೂ ಕಳುಹಿಸಿತು. ಮರುವರ್ಷ ರವೀಂದ್ರರು ಕರೆಯನ್ನು ಮನ್ನಿಸಿ ಇಟಲಿಗೆ ಹೋದರು. ಕವಿಯು ಫ್ಯಾಸಿಸ್ಟರನ್ನು ಮೆಚ್ಚಿದರೆಂದು ಅಲ್ಲಿಯ ಪತ್ರಿಕೆಗಳು ಡಂಗುರ ಸಾರಿದವು. ಇಟಲಿಯನ್ನು ಬಿಟ್ಟ ಮೇಲೆ, ರೋಮಾಂ ರೋಲಾ ಅವರಿಂದಲೂ ದೇಶ ತೊರೆದಿದ್ದ ಇಟಾಲಿಯನರಿಂದಲೂ ನಿಜಸಂಗತಿಯನ್ನು ತಿಳಿದ ರವೀಂದ್ರರು ಫ್ಯಾಸಿಸಮ್ಮನ್ನು ಖಂಡಿಸಿ ಪತ್ರ ಬರೆದರು. ಇಂಗ್ಲೆಂಡಿನ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಅದನ್ನು ಅಚ್ಚುಮಾಡಿತು. ಆದರದ ಹೆಸರಿನಲ್ಲಿ ಬೀಸಿದ ಬಲೆ ಹರಿಯಿತು. ಮುಂದೆ ಆ ಸರ್ಕಾರವೂ ಅಳಿಯಿತು. ತುಚ್ಚಿಯವರು ಬೌದ್ಧಧರ್ಮ, ಟಿಬೆಟ್ಟುಗಳನ್ನು ಕುರಿತು ಬರೆದ ಗ್ರಂಥಗಳನ್ನಾದರೋ ವಿದ್ವಾಂಸರು ಇಂದಿಗೂ ಓದುತ್ತಾರೆ.

ಈಗ ಇಟಲಿಯ ವಿದೇಶಾಂಗ ಖಾತೆಯ ಅಧೀನದಲ್ಲಿ ಲೋಕದ ನಾನಾ ನಗರಗಳಲ್ಲಿ ೮೦ಕ್ಕೂ ಹೆಚ್ಚು ಸಂಸ್ಕೃತಿ ಕೇಂದ್ರಗಳಿವೆ, ದೆಹಲಿಯಲ್ಲಿಯೂ ಒಂದುಂಟು. ೨೦೦೧ರಿಂದ ವರ್ಷಕ್ಕೊಮ್ಮೆ ನುಡಿಯ ಸಪ್ತಾಹ, ೨೦೧೬ರಿಂದ ಅಡಿಗೆಯ ಸಪ್ತಾಹ ನಡೆಯುತ್ತಿವೆ. ೨೦೨೫ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಸೇರಿದ ಯುನೆಸ್ಕೋ ಸಭೆಯು ಇಟಲಿಯ ಅಡಿಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೀಪಾವಳಿಯೂ ಅದೇ ಸಭೆಯಲ್ಲಿ ಆ ಪಟ್ಟಿಗೆ ಸೇರಿತು.

ಇದರಲ್ಲಿ ವ್ಯಾಪಾರದ ಲಾಭವಿಲ್ಲವೆ ಎಂದು ವಾಚಕರು ಕೇಳಬಹುದು. ಉಂಟು. ಊಟವನ್ನು ಮೆಚ್ಚಿದವನು ನಾಳೆ ಆಲಿವ್ ಎಣ್ಣೆಯನ್ನೂ ಚೀಸನ್ನೂ ಕೊಂಡಾನು. ಅದು ತಪ್ಪೆಂದು ನಾವು ಹೇಳೆವು. ಅತಿಥಿಗೆ ಮೆಚ್ಚದಿರುವ ಸ್ವಾತಂತ್ರ್ಯವೂ ಇದೆಯೆ ಎಂಬುದೊಂದೇ ನೋಡಬೇಕಾದ ಮಾತು. ಉಣಬಡಿಸಿದವರು ಹೊಗಳಿಕೆಯನ್ನು ಕಿತ್ತುಕೊಳ್ಳಬಾರದು. ಮುಸ್ಸೊಲಿನಿ ಮಾಡಲು ಹೋದದ್ದು ಅದನ್ನೇ.

ಇನ್ನೊಂದು ಮಾತು ನಮ್ಮ ಮನೆಗಳಿಗೆ ಸಂಬಂಧಿಸಿದ್ದು. ಡಾಂಟೆ ಸಂಘದವರು ಇಂದಿಗೂ ನುಡಿಯ ತರಗತಿಗಳನ್ನು ಬಿಟ್ಟಿಲ್ಲ. ಉತ್ಸವದ ನೆನಪು ಮಾಸೀತು, ಕಲಿತ ನುಡಿ ನಿಲ್ಲುತ್ತದೆ. ರಾಜ್ಯೋತ್ಸವಕ್ಕೆ ನೆರೆಹೊರೆಯ ಅನ್ಯಭಾಷಿಕರನ್ನು ಕರೆಯುವುದು ಒಳ್ಳೆಯ ಪದ್ಧತಿಯೇ ಸರಿ. ಆದರೆ ಮನೆ ಗೆದ್ದು ಮಾರು ಗೆಲ್ಲಬೇಕಷ್ಟೆ. ದಾಸರ ಪದಕ್ಕೆ ತಲೆದೂಗಿದ ನೆರೆಮನೆಯವರು ಅದರ ಅರ್ಥವೇನೆಂದು ನಮ್ಮ ಮಗುವನ್ನೇ ಕೇಳಿದರೆ, ಮಗು ಉತ್ತರ ಹೇಳಬೇಡವೆ?